ಹಿಂಬಾಲಕರ ಲೆಕ್ಕ ಮತ್ತು ಯಂತ್ರಕಲಿಕೆ

'ಅನುಯಾಯಿ' ಎಂಬ ಶಬ್ದಕ್ಕೆ ನಮ್ಮ ಹಿರಿಯರ ಕಾಲದಲ್ಲಿದ್ದ ತೂಕ ಈಗ ಉಳಿದಿಲ್ಲ. ೧೯೨೪ರಲ್ಲಿ ಮಹಾತ್ಮಾ ಗಾಂಧಿಯವರು ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಸ್ಥಾನವನ್ನು ಅಲಂಕರಿಸಿದ ಕಾಲದಲ್ಲಿ ಅವರ ಅನುಯಾಯಿಯೆನಿಸಿಕೊಳ್ಳಬೇಕಾದರೆ ಖಾದಿ ಉಡಬೇಕಾಗಿತ್ತು, ನೂಲು ತೆಗೆಯಬೇಕಾಗಿತ್ತು, ಪ್ರಸಂಗ ಬಂದರೆ ಸೆರೆಮನೆಗೂ ಹೋಗಬೇಕಾಗಿತ್ತು. ಇಂದು ಇನ್‌ಸ್ಟಾಗ್ರಾಂ, ಯೂಟ್ಯೂಬ್, ಫೇಸ್‌ಬುಕ್ ಮೊದಲಾದ ಸಾಮಾಜಿಕ ಜಾಲತಾಣಗಳಲ್ಲಿ ಒಬ್ಬರ ಅನುಯಾಯಿಯಾಗಲು ಹೆಬ್ಬೆರಳನ್ನು ಒಂದು ಸಲ ಒತ್ತಿದರೆ ಸಾಕು. ಇವರನ್ನು ಜನ 'ಫಾಲೋವರ್ಸ್' ಎನ್ನುತ್ತಾರೆ. ನಾನು ಈ ಲೇಖನದಲ್ಲಿ 'ಹಿಂಬಾಲಕರು' ಎನ್ನುತ್ತೇನೆ. ಹೆಸರು ಹಗುರವಾದರೂ ಅವರ ಸಂಖ್ಯೆಯ ಮೇಲಿನ ಆಸೆ ಮಾತ್ರ ಹಗುರವಾದುದಲ್ಲ. ಅಂಗಡಿಯವನಿಗೆ ಗಿರಾಕಿ, ಹಾಡುಗಾರನಿಗೆ ಶ್ರೋತೃ, ವಿದ್ಯಾರ್ಥಿಗೆ ಮನ್ನಣೆ, ಎಲ್ಲವೂ ಆ ಸಂಖ್ಯೆಯಿಂದಲೇ ಬರುತ್ತವೆಂಬ ನಂಬಿಕೆ ಎಲ್ಲೆಡೆಯೂ ಹಬ್ಬಿದೆ.

ನಾನು ಕಣಕುಂಬಿಯವನು. ಬೆಳಗಾವಿಯಿಂದ ಜಾಂಬೋಟಿಯ ಮೇಲೆ ಹಾಯ್ದು ಚೋರ್ಲಾ ಘಾಟನ್ನಿಳಿದು ಗೋವೆಗೆ ಹೋಗುವ ದಾರಿಯಲ್ಲಿ, ಖಾನಾಪುರ ತಾಲೂಕಿನ ಅಂಚಿಗಿರುವ ಈ ಹಳ್ಳಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ನಾವು ಮೂವರು ಸಹಪಾಠಿಗಳು ತಾಲೂಕಿನ ಮಳೆ, ಬೆಳೆ, ರಸ್ತೆ, ಜಾತ್ರೆಗಳ ಸುದ್ದಿಗೆಂದು ಜಾಲತಾಣದಲ್ಲಿ ಒಂದು ಪುಟವನ್ನು ನಡೆಸುತ್ತೇವೆ. ಇದನ್ನು ಬಲ್ಲ ಗೆಳೆಯರು, "ಯಂತ್ರಕಲಿಕೆಯಿಂದ ಹಿಂಬಾಲಕರನ್ನು ಹೆಚ್ಚಿಸಿಕೊಳ್ಳಬಹುದಂತೆ, ನಿಜವೇ?" ಎಂದು ಮೇಲಿಂದ ಮೇಲೆ ಕೇಳುತ್ತಾರೆ. ನಿಜವೇ ಸರಿ. ಆದರೆ ಹೇಗೆ, ಎಷ್ಟರ ಮಟ್ಟಿಗೆ, ಯಾವ ಬೆಲೆ ತೆತ್ತು ಎಂಬ ಮೂರು ಪ್ರಶ್ನೆಗಳನ್ನು ಅವರು ಕೇಳುವುದಿಲ್ಲ. ಆ ಮೂರಕ್ಕೆ ನನಗೆ ತಿಳಿದಷ್ಟು ಉತ್ತರವನ್ನು ಇಲ್ಲಿ ಬರೆಯುತ್ತೇನೆ. ಕಲಾ ವಿಭಾಗದ ವಾಚಕರು ಗಣಿತವೆಂದು ಅಂಜಬೇಕಾಗಿಲ್ಲ. ಕೂಡಿಸುವುದು ಕಳೆಯುವುದು ಬಂದರೆ ಸಾಕು.

ಮೊದಲು ಯಂತ್ರಕಲಿಕೆಯೆಂದರೇನೆಂಬುದನ್ನು ನೋಡೋಣ. ಗಣಕಯಂತ್ರವು ಸಾಮಾನ್ಯವಾಗಿ ನಾವು ಬರೆದುಕೊಟ್ಟ ನಿಯಮದಂತೆ ನಡೆಯುತ್ತದೆ. ಆದರೆ ಜಗತ್ತಿನ ಅನೇಕ ಕೆಲಸಗಳಿಗೆ ನಿಯಮ ಬರೆಯುವುದೇ ಅಸಾಧ್ಯ. ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಆರ್ಥರ್ ಸ್ಯಾಮ್ಯುಯೆಲ್ ಎಂಬ ವಿಜ್ಞಾನಿ, ಚೆಕರ್ಸ್ ಎಂಬ ಮಣೆಯಾಟವನ್ನು ಆಡಾಡುತ್ತಲೇ ತನ್ನ ಆಟವನ್ನು ತಿದ್ದಿಕೊಳ್ಳುವ ಗಣಕಕ್ರಮವನ್ನು ರಚಿಸಿ, ೧೯೫೯ರಲ್ಲಿ ಅದರ ವಿಷಯವಾಗಿ ಪ್ರಬಂಧ ಬರೆದನು. 'ಯಂತ್ರಕಲಿಕೆ' ಎಂಬರ್ಥದ ಇಂಗ್ಲಿಷ್ ಹೆಸರು ಬಳಕೆಗೆ ಬಂದುದು ಆತನಿಂದಲೇ.

ಇದರ ತತ್ತ್ವವು ನಮ್ಮ ತಾಲೂಕಿನವರಿಗೆ ಹೊಸದಲ್ಲ. ಖಾನಾಪುರದ ಕುಂಬಾರಿಕೆ ಹೆಸರಾದುದು. ಕುಂಬಾರನ ಮಗನಿಗೆ ಗಡಿಗೆಯ ಸೂತ್ರವನ್ನು ಯಾರೂ ಹಾಳೆಯ ಮೇಲೆ ಬರೆದು ಕೊಡುವುದಿಲ್ಲ. ಅವನು ತಿಗರಿಯ ಮುಂದೆ ಕುಳಿತು ಮಣ್ಣನ್ನೆತ್ತುತ್ತಾನೆ. ಗೋಡೆ ದಪ್ಪವಾಯಿತೇ, ಮುಂದಿನ ಸಲ ಬೆರಳನ್ನು ತುಸು ಒತ್ತುತ್ತಾನೆ. ತೆಳುವಾಗಿ ಕುಸಿಯಿತೇ, ತುಸು ಸಡಿಲಿಸುತ್ತಾನೆ. ನೂರು ಗಡಿಗೆಗಳಾಗುವ ಹೊತ್ತಿಗೆ ಕೈಗೆ ಹದ ಬಂದಿರುತ್ತದೆ. ಯಂತ್ರವೂ ಹೀಗೆಯೇ ಒಂದು ಊಹೆ ಮಾಡುತ್ತದೆ. ಊಹೆಗೂ ನಿಜಕ್ಕೂ ಇರುವ ಅಂತರವನ್ನು ಅಳೆಯುತ್ತದೆ. ಆ ಅಂತರ ಕಡಿಮೆಯಾಗುವಂತೆ ತನ್ನೊಳಗಿನ ಅಂಕಿಗಳನ್ನು ತಿದ್ದಿಕೊಳ್ಳುತ್ತದೆ. ವ್ಯತ್ಯಾಸವೇನೆಂದರೆ ಕುಂಬಾರನ ಮಗನಿಗೆ ಗಡಿಗೆ ಏತಕ್ಕೆ ಬೇಕೆಂಬುದು ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ಮುಖ್ಯವಾಗುವುದು.

ಇನ್ನು ಜಾಲತಾಣಗಳು ಈ ವಿದ್ಯೆಯನ್ನು ಹೇಗೆ ಬಳಸುತ್ತವೆಂಬುದು. ಸಂತೆಯ ಕಿರಾಣಿ ಅಂಗಡಿಯವನು, "ಬೆಲ್ಲವನ್ನೂ ಕೊಬ್ಬರಿಯನ್ನೂ ಕೊಂಡವರು ಏಲಕ್ಕಿಯನ್ನೂ ಕೊಳ್ಳುತ್ತಾರೆ" ಎಂದು ಅನುಭವದಿಂದ ಬಲ್ಲನಷ್ಟೆ? ನೆಟ್‌ಫ್ಲಿಕ್ಸ್ ಎಂಬ ಚಲನಚಿತ್ರ ಸಂಸ್ಥೆಯು ಇದೇ ಬಗೆಯ ಊಹೆಯನ್ನು ಶೇಕಡಾ ೧೦ರಷ್ಟು ಸುಧಾರಿಸಿದವರಿಗೆ ೧೦ ಲಕ್ಷ ಡಾಲರುಗಳ ಬಹುಮಾನವನ್ನು ೨೦೦೬ರಲ್ಲಿ ಸಾರಿತು. ೨೦೦೯ರಲ್ಲಿ ಒಂದು ತಂಡ ಅದನ್ನು ಗೆದ್ದಿತು. ಇಬ್ಬರ ಅಭಿರುಚಿ ಹಿಂದೆ ಕೂಡಿಬಂದಿದ್ದರೆ ಮುಂದೆಯೂ ಕೂಡಿಬರುವ ಸಂಭವವುಂಟೆಂಬುದೇ ಇದರ ಅಡಿಪಾಯ. ಯೂಟ್ಯೂಬಿನ ಎಂಜಿನಿಯರುಗಳು ೨೦೧೬ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಅಲ್ಲಿ ಕೆಲಸವು ಎರಡು ಹಂತಗಳಲ್ಲಿ ನಡೆಯುತ್ತಿತ್ತು. ಮೊದಲನೆಯ ಯಂತ್ರವು ಲಕ್ಷಗಟ್ಟಲೆ ಚಿತ್ರಗಳ ರಾಶಿಯಿಂದ ಕೆಲವು ನೂರನ್ನು ಜರಡಿ ಹಿಡಿಯುತ್ತದೆ. ಎರಡನೆಯದು ಆ ಕೆಲವು ನೂರಕ್ಕೆ ಒಂದೊಂದಾಗಿ ಅಂಕ ಕೊಟ್ಟು ಸಾಲಾಗಿ ನಿಲ್ಲಿಸುತ್ತದೆ.

ಕನ್ನಡದ ಪಾಲಿಗೆ ಈ ವಿದ್ಯೆ ದೂರದೇಶದ್ದಾಗಿ ಉಳಿದಿಲ್ಲ. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಮೂವರು ತರುಣರು ೨೦೧೫ರಲ್ಲಿ ಪ್ರಾರಂಭಿಸಿದ ಶೇರ್‌ಚಾಟ್ ಬೆಂಗಳೂರಿನದು. ಅದು ಇಂಗ್ಲಿಷನ್ನು ಬದಿಗಿರಿಸಿ ಕನ್ನಡವೇ ಮೊದಲಾದ ದೇಶಭಾಷೆಗಳಿಗಾಗಿ ಬೆಳೆಯಿತು. ೨೦೨೦ರ ಜೂನ್ ೨೯ರಂದು ಭಾರತ ಸರಕಾರವು ಟಿಕ್‌ಟಾಕ್ ಸಹಿತ ೫೯ ಆ್ಯಪ್‌ಗಳನ್ನು ನಿಷೇಧಿಸಿದ ಕೆಲವೇ ದಿನಗಳಲ್ಲಿ ಅದೇ ಸಂಸ್ಥೆ 'ಮೋಜ್' ಎಂಬ ಕಿರುಚಿತ್ರಗಳ ತಾಣವನ್ನು ತೆರೆಯಿತು. ಇಂಥ ತಾಣಗಳಲ್ಲಿ ನಾವು ಯಾರನ್ನು ಹಿಂಬಾಲಿಸುತ್ತೇವೆಂಬುದಕ್ಕಿಂತ ಯಾವ ಚಿತ್ರದ ಮುಂದೆ ಎಷ್ಟು ಕ್ಷಣ ನಿಂತೆವೆಂಬುದೇ ಹೆಚ್ಚಿನ ಮಹತ್ತ್ವ ಪಡೆಯುತ್ತದೆ. ಆದ್ದರಿಂದಲೇ ಹತ್ತು ಜನ ಹಿಂಬಾಲಕರಿಲ್ಲದ ಹಳ್ಳಿಯ ಹುಡುಗನ ಚಿತ್ರವೂ ಒಮ್ಮೊಮ್ಮೆ ಲಕ್ಷ ಜನರ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ನಮ್ಮಂಥ ವಿದ್ಯಾರ್ಥಿ ಮಾಡಬಹುದಾದುದೇನು? ಒಂದು ನೋಟುಪುಸ್ತಕ ಸಾಕು. ಪುಟದಲ್ಲಿ ಹಾಕಿದ ಪ್ರತಿಯೊಂದು ಚಿತ್ರಕ್ಕೂ ಒಂದೊಂದು ಸಾಲು ಬರೆಯಬೇಕು: ಹಾಕಿದ ಹೊತ್ತು, ವಿಷಯ, ಎಷ್ಟು ಸೆಕೆಂಡಿನದು, ಯಾವ ಭಾಷೆ, ಮನುಷ್ಯರ ಧ್ವನಿಯಿದೆಯೋ ಇಲ್ಲವೋ, ಕೊನೆಯ ಅಂಕಣದಲ್ಲಿ, ಅದರಿಂದ ಬಂದ ಹೊಸ ಹಿಂಬಾಲಕರೆಷ್ಟು. ಈ ಪಟ್ಟಿಯನ್ನು ಯಂತ್ರಕ್ಕೆ ಒಪ್ಪಿಸಿದರೆ ಅದು ಪ್ರತಿಯೊಂದು ಗುಣಕ್ಕೂ ಒಂದು ತೂಕವನ್ನು ಕಟ್ಟುತ್ತದೆ. ತಿಳಿವಳಿಕೆಗಾಗಿ ಕಲ್ಪಿಸಿಕೊಳ್ಳೋಣ: ಯಾವ ಚಿತ್ರಕ್ಕಾದರೂ ಮೂಲವಾಗಿ ೪, ಮಳೆಯ ವಿಷಯವಾದರೆ ೯, ಸಂಜೆ ಹಾಕಿದರೆ ೩, ಮನುಷ್ಯರ ಧ್ವನಿಯಿದ್ದರೆ ೫. ಮೂರೂ ಗುಣಗಳುಳ್ಳ ಚಿತ್ರಕ್ಕೆ ೨೧ ಜನ ಬಂದಾರೆಂದು ಯಂತ್ರ ಊಹಿಸುತ್ತದೆ. ನಿಜವಾಗಿ ೧೫ ಜನ ಬಂದರೆ ೬ರ ಅಂತರ. ಕೂಡಲೆ ಅದು ತೂಕಗಳನ್ನು ಕೊಂಚ ಇಳಿಸುತ್ತದೆ. ಹೀಗೆ ಸಾಲಿನಿಂದ ಸಾಲಿಗೆ ತಿದ್ದುತ್ತ ಹೋಗುವುದೇ ಕಲಿಕೆ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ನಾವು ಓದುವ ಹಿಂಚಲನ ರೇಖೆ ಇದರ ಅಕ್ಕನೆಂದರೂ ತಪ್ಪಲ್ಲ.

ಇಲ್ಲಿ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದು ಬಾಯಿಪಾಠದ ದೋಷ. ಗೈಡು ಬಾಯಿಪಾಠ ಮಾಡಿದ ವಿದ್ಯಾರ್ಥಿ ಅದೇ ಪ್ರಶ್ನೆ ಬಂದರೆ ಉತ್ತರಿಸುತ್ತಾನೆ. ಪ್ರಶ್ನೆ ತುಸು ತಿರುಗಿದರೆ ತತ್ತರಿಸುತ್ತಾನೆ. ಸಾಲುಗಳು ಕಡಿಮೆಯಿದ್ದು ಅಂಕಣಗಳು ಹೆಚ್ಚಾದರೆ ಯಂತ್ರವೂ ಬಾಯಿಪಾಠಕ್ಕಿಳಿಯುತ್ತದೆ. ಆದ್ದರಿಂದ ನೂರು ಸಾಲುಗಳಿದ್ದರೆ ಎಂಬತ್ತರಿಂದ ಕಲಿಸಿ, ಇಪ್ಪತ್ತನ್ನು ಅದಕ್ಕೆ ತೋರಿಸದೆ ಪರೀಕ್ಷೆಗೆಂದು ಬಚ್ಚಿಡಬೇಕು. ಎರಡನೆಯದು ಕಾರಣದ ಭ್ರಮೆ. ಮಳೆಗಾಲದಲ್ಲೆಲ್ಲ ಸಂಜೆಯ ಹೊತ್ತು, ಬೇಸಗೆಯಲ್ಲೆಲ್ಲ ಬೆಳಗಿನ ಹೊತ್ತು ಚಿತ್ರ ಹಾಕಿದ್ದೇವೆನ್ನಿ. ಘಟ್ಟದ ಮಳೆ ನೋಡಲು ಬಂದ ಜನರನ್ನು ಯಂತ್ರವು ಸಂಜೆಯ ಮಹಿಮೆಯೆಂದು ಬಗೆಯುತ್ತದೆ. ಇದಕ್ಕೆ ಮದ್ದೆಂದರೆ, ಹೊತ್ತನ್ನು ನಾಣ್ಯ ಚಿಮ್ಮಿ ನಿರ್ಧರಿಸುವುದು. ಮೂರನೆಯದು ಹಳೆಯ ಜಾಡಿಗೆ ಅಂಟಿಕೊಳ್ಳುವ ದೋಷ. ಯಾವಾಗಲೂ ಒಂದೇ ಖಾನಾವಳಿಯಲ್ಲಿ ಉಣ್ಣುವವನಿಗೆ ಪಕ್ಕದ ಖಾನಾವಳಿಯ ರುಚಿ ತಿಳಿಯುವುದೆಂತು? ಹತ್ತರಲ್ಲಿ ಒಂಬತ್ತು ಸಲ ಯಂತ್ರ ಹೇಳಿದಂತೆ ನಡೆದು, ಒಂದು ಸಲವಾದರೂ ಅದು ಹೇಳದಿದ್ದುದನ್ನು ಮಾಡಿ ನೋಡಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಯಶಸ್ಸು ಖಚಿತವೇ? ಅಲ್ಲ. ಮ್ಯಾಥ್ಯೂ ಸಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಸಮಾಜವಿಜ್ಞಾನಿಗಳು ೨೦೦೬ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಮನನೀಯವಾಗಿದೆ. ಅವರು ೧೪,೦೦೦ಕ್ಕೂ ಹೆಚ್ಚು ಜನರಿಗೆ ಯಾರೂ ಕೇಳಿರದ ೪೮ ಹಾಡುಗಳನ್ನು ಕೇಳಿಸಿದರು. ಒಂದು ಗುಂಪಿನವರಿಗೆ ಉಳಿದವರು ಏನನ್ನು ಆರಿಸಿಕೊಂಡರೆಂಬುದು ತಿಳಿಯದು; ಮತ್ತೆ ಎಂಟು ಗುಂಪುಗಳವರಿಗೆ ತಂತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಪಡೆದರೆಂಬ ಲೆಕ್ಕ ಕಾಣುತ್ತಿತ್ತು. ಲೆಕ್ಕ ಕಂಡ ಗುಂಪುಗಳಲ್ಲಿ ಗೆದ್ದ ಹಾಡು ಇನ್ನೂ ಎತ್ತರಕ್ಕೇರಿತು. ಆದರೆ ಗೆದ್ದ ಹಾಡು ಗುಂಪಿನಿಂದ ಗುಂಪಿಗೆ ಬೇರೆಯಾಯಿತು. ಅತ್ಯುತ್ತಮವಾದುದು ತೀರ ಸೋಲುವುದು ಅಪರೂಪ, ತೀರ ಕಳಪೆಯಾದುದು ಗೆಲ್ಲುವುದೂ ಅಪರೂಪ. ನಡುವಣ ಹಾಡುಗಳಿಗೆ ಮಾತ್ರ ಏನು ಬೇಕಾದರೂ ಆಗಬಹುದಿತ್ತು. 'ಜನ ಮರುಳೋ ಜಾತ್ರೆ ಮರುಳೋ' ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೆ? ಯಂತ್ರವು ಅದೃಷ್ಟವನ್ನು ಅಳಿಸಲಾರದು. ನಮ್ಮ ಪಾಲಿನ ಅವಕಾಶವನ್ನು ಕೊಂಚ ಹಿಗ್ಗಿಸಬಲ್ಲದು, ಅಷ್ಟೆ.

ಕೆಲವರು ಈ ಕಷ್ಟವನ್ನೆಲ್ಲ ಬಿಟ್ಟು ಹಿಂಬಾಲಕರನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಇಲ್ಲವೇ ನೂರಾರು ಜನರನ್ನು ತಾನೇ ಹಿಂಬಾಲಿಸಿ ಬಿಡುವ ಕೃತಕ ಸಾಧನಗಳನ್ನು ಹೂಡುತ್ತಾರೆ. ಇದು ನೀತಿಯ ಮಾತಿರಲಿ, ಲೆಕ್ಕದಲ್ಲಿಯೂ ನಷ್ಟವೇ. ಕೊಂಡುಕೊಂಡ ಹಿಂಬಾಲಕನು ಚಿತ್ರವನ್ನು ನೋಡುವುದಿಲ್ಲ. ಸಾವಿರ ಜನರ ಮುಂದಿಟ್ಟ ಚಿತ್ರದ ಬಳಿ ಹತ್ತು ಜನ ಕೂಡ ನಿಲ್ಲದಿದ್ದರೆ, ಇದರಲ್ಲಿ ಹುರುಳಿಲ್ಲವೆಂದು ಜಾಲತಾಣದ ಯಂತ್ರವು ತಿಳಿಯುತ್ತದೆ. ಅಲ್ಲದೆ ಕೃತಕ ಸಾಧನಗಳಿಂದ ಬಂದ ಮೆಚ್ಚುಗೆಯನ್ನೂ ಹಿಂಬಾಲನೆಯನ್ನೂ ಕಿತ್ತುಹಾಕುವುದಾಗಿ ಇನ್‌ಸ್ಟಾಗ್ರಾಂ ೨೦೧೮ರ ನವೆಂಬರಿನಲ್ಲಿಯೇ ಸಾರಿದೆ.

ಇದುವರೆಗೆ ಹೇಳಿದುದು 'ಹೇಗೆ' ಮತ್ತು 'ಎಷ್ಟು' ಎಂಬ ಪ್ರಶ್ನೆಗಳ ಉತ್ತರ. 'ಯಾವ ಬೆಲೆಗೆ' ಎಂಬುದೇ ಮುಖ್ಯವಾದ ಪ್ರಶ್ನೆ. ಗಡಿಗೆ ಏತಕ್ಕೆಂಬುದು ಯಂತ್ರಕ್ಕೆ ಗೊತ್ತಿಲ್ಲವೆಂದು ಹಿಂದೆ ಹೇಳಿದೆನಲ್ಲವೆ? ಕೊನೆಯ ಅಂಕಣದಲ್ಲಿ ನಾವು ಏನನ್ನು ಬರೆಯುತ್ತೇವೆಯೋ ಅದನ್ನಷ್ಟೇ ಅದು ಹುಡುಕುತ್ತದೆ. ಈ ಅಂಕಣ ಬದಲಾದರೆ ಜಗತ್ತೇ ಬದಲಾಗುತ್ತದೆಂಬುದಕ್ಕೆ ದೊಡ್ಡ ಸಂಸ್ಥೆಗಳ ಚರಿತ್ರೆಯೇ ಸಾಕ್ಷಿ. ಯೂಟ್ಯೂಬ್ ೨೦೧೨ರಲ್ಲಿ, ಎಷ್ಟು ಸಲ ನೋಡಿದರೆಂಬುದನ್ನು ಹಿಂದಿಟ್ಟು ಎಷ್ಟು ಹೊತ್ತು ನೋಡಿದರೆಂಬುದನ್ನು ಮುಂದಿಟ್ಟಿತು. ಫೇಸ್‌ಬುಕ್ ೨೦೧೭ರಿಂದ, ಸಿಟ್ಟಿನ ಮುಖವೂ ಸೇರಿದಂತೆ ಭಾವಸೂಚಕ ಮುಖಗಳನ್ನು ಒಂದು ಸಾದಾ ಮೆಚ್ಚುಗೆಯ ಐದು ಪಟ್ಟು ಎಣಿಸುತ್ತಿತ್ತು. ಸಿಟ್ಟಿನ ಮುಖಕ್ಕೆ ೨೦೨೦ರ ಸೆಪ್ಟೆಂಬರಿನಲ್ಲಿ ಸೊನ್ನೆಯ ಬೆಲೆ ಕಟ್ಟಿದರು. ಟ್ವಿಟರ್ ೨೦೨೩ರಲ್ಲಿ ತನ್ನ ಲೆಕ್ಕದ ಕ್ರಮವನ್ನು ಬಹಿರಂಗಪಡಿಸಿದಾಗ, ಒಂದು ಮೆಚ್ಚುಗೆಗೆ ೦.೫ ಅಂಕ, ಒಂದು ಉತ್ತರಕ್ಕೆ ೧೩.೫ ಅಂಕವೆಂದು ತಿಳಿಯಿತು. ದೂರು ಕೊಟ್ಟರೆ ಅಂಕ ಕಳೆಯುವ ಏರ್ಪಾಡೂ ಅದರಲ್ಲಿತ್ತೆಂಬುದು ದಿಟ. ಆದರೂ ಒಂದು ಉತ್ತರವು ಇಪ್ಪತ್ತೇಳು ಮೆಚ್ಚುಗೆಗಳಿಗೆ ಸಮ. ಆ ಉತ್ತರವು ಕೃತಜ್ಞತೆಯೋ ಬೈಗುಳವೋ ಎಂದು ಈ ಅಂಕ ಕೇಳುವುದಿಲ್ಲ. ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞನು ೧೯೭೫ರಲ್ಲಿ ಹಣಕಾಸಿನ ನೀತಿಯನ್ನು ಕುರಿತು ಹೇಳಿದ ತತ್ತ್ವವನ್ನು ಇಲ್ಲಿಯೂ ಅನ್ವಯಿಸಬಹುದು: ಅಳತೆಗೋಲನ್ನೇ ಗುರಿಯಾಗಿಸಿಕೊಂಡರೆ ಅದು ಅಳತೆಗೆ ಬಾರದಂತಾಗುತ್ತದೆ.

ಇದನ್ನು ಕಣಕುಂಬಿಗೆ ತಂದು ನೋಡೋಣ. ನಮ್ಮೂರ ಹತ್ತಿರದ ಕಳಸಾ ಹಳ್ಳದ ನೀರಿನ ವಿಷಯ ವಾಚಕರಿಗೆಲ್ಲ ಗೊತ್ತು. ಮಹದಾಯಿ ಜಲವಿವಾದ ನ್ಯಾಯಾಧಿಕರಣವು ೨೦೧೮ರ ಆಗಸ್ಟ್ ೧೪ರಂದು ಕರ್ನಾಟಕಕ್ಕೆ ೧೩.೪೨ ಟಿ.ಎಂ.ಸಿ. ನೀರನ್ನು ಹಂಚಿತು, ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಕಳಸಾದಿಂದ ೧.೭೨, ಬಂಡೂರಿಯಿಂದ ೨.೧೮, ಒಟ್ಟು ೩.೯ ಟಿ.ಎಂ.ಸಿ. ಈ ಅಂಕಿಗಳನ್ನು ಬಿಡಿಸಿ ಹೇಳುವ ಚಿತ್ರವನ್ನು ಹಾಕಿದರೆ ಕೆಲವರು ಓದಿ ತಲೆದೂಗುತ್ತಾರೆ. ಗೋವೆಯವರನ್ನು ಕನ್ನಡಿಗರೂ ಕನ್ನಡಿಗರನ್ನು ಗೋವೆಯವರೂ ಮೂದಲಿಸುವಂತೆ ಒಂದು ಸಾಲು ಬರೆದರೆ ರಾತ್ರಿಯಿಡೀ ಉತ್ತರಗಳ ಮಳೆ. ನನ್ನ ಗೆಳೆಯನೊಬ್ಬ ಹೇಳುವುದೂ ಅದೇ: "ಜಗಳದ್ದ ಹಾಕೋ, ಒಂದ ರಾತ್ರ್ಯಾಗ ಸಾವಿರ ಮಂದಿ ಬರ್ತಾರ. ಮಳಿ ಲೆಕ್ಕಾ ಯಾರಿಗೆ ಬೇಕಾಗೇತಿ?" ಅವನ ಮಾತು ಲೆಕ್ಕದ ದೃಷ್ಟಿಯಿಂದ ಸುಳ್ಳಲ್ಲ. ನೋಟುಪುಸ್ತಕದ ಕೊನೆಯ ಅಂಕಣದಲ್ಲಿ ಹಿಂಬಾಲಕರ ಸಂಖ್ಯೆಯೊಂದೇ ಇದ್ದರೆ ಯಂತ್ರವೂ ನಮಗೆ ಅದನ್ನೇ ಕಲಿಸುತ್ತದೆ. ಆದರೆ ನಮ್ಮೂರ ಅಂಗಡಿಯ ಕಟ್ಟೆಯ ಮೇಲೆ ಕನ್ನಡ, ಮರಾಠಿ, ಕೊಂಕಣಿ ಮೂರೂ ಕೇಳಿಬರುತ್ತವೆ. ಒಂದೇ ಚಹದ ಕಿಟ್ಲಿಯಿಂದ ಎಲ್ಲರೂ ಕುಡಿಯುತ್ತಾರೆ. ರಾತ್ರಿ ಸಾವಿರ ಹಿಂಬಾಲಕರನ್ನು ಗಳಿಸಿದವನು ಬೆಳಿಗ್ಗೆ ಅದೇ ಕಟ್ಟೆಗೆ ಹೋಗಬೇಕು. ಮರಾಠಿ ಮನೆಮಾತಿನ ಕಾಕಾನ ಮುಖ ನೋಡಿ ಅವನು ಏನು ಹೇಳಿಯಾನು? ಯಂತ್ರದ ಪಟ್ಟಿಯಲ್ಲಿ ಈ ನಷ್ಟಕ್ಕೆ ಅಂಕಣವೇ ಇಲ್ಲ.

ಇನ್ನೊಂದು ಬೆಲೆ ಜೀವದ್ದು. ೨೦೨೩ರ ಜುಲೈನಲ್ಲಿ ಕೊಲ್ಲೂರಿನ ಬಳಿಯ ಅರಸಿನಗುಂಡಿ ಜಲಪಾತದಲ್ಲಿ, ಗೆಳೆಯನು ಚಿತ್ರ ತೆಗೆಯುತ್ತಿದ್ದಂತೆಯೇ ತರುಣನೊಬ್ಬ ಬಂಡೆಯಿಂದ ಕಾಲುಜಾರಿ ನೀರುಪಾಲಾದನು. ನಮ್ಮ ಘಟ್ಟದಲ್ಲಿಯೂ ಜಲಪಾತಗಳಿಗೆ ಕೊರತೆಯಿಲ್ಲ. ಮಳೆಗಾಲದ ಪಾಚಿಗೂ ಕೊರತೆಯಿಲ್ಲ. ಬಂಡೆಯ ಅಂಚಿಗೆ ನಿಂತವನ ಚಿತ್ರದ ಮುಂದೆ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ನಿಂತ ಕ್ಷಣಗಳನ್ನು ಎಣಿಸುವ ಯಂತ್ರವು ಮುಂದಿನವನಿಗೆ ಇನ್ನೊಂದು ಹೆಜ್ಜೆ ಅಂಚಿಗೆ ಹೋಗೆಂದು ಕಲಿಸುತ್ತದೆ. ಒಂದು ಕುರಿ ಹಳ್ಳಕ್ಕೆ ಬಿದ್ದರೆ ಉಳಿದವೂ ಬೀಳುವುದು ಗಾದೆಯಲ್ಲಿ ಮಾತ್ರವೆಂದು ತಿಳಿಯಬಾರದು.

ಮೂರನೆಯ ಬೆಲೆಯನ್ನು ತೆರುವವು ಮಾತು ಬಾರದ ಜೀವಿಗಳು. ನಮ್ಮ ತಾಲೂಕಿನಲ್ಲಿ ೨೦೧೧ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮವಿದೆ. ಅಲ್ಲಿಯ ಬಾರಾಪೇಡೆ ಗುಹೆಗಳಲ್ಲಿ, ವಿಜ್ಞಾನಿಗಳು ೧೯೧೩ರಲ್ಲಿ ಮೊದಲು ವರ್ಣಿಸಿದ, ರಾಟನ್ ಎಂಬವರ ಹೆಸರನ್ನು ಹೊತ್ತ ಅಪರೂಪದ ಬಾವಲಿಗಳು ವಾಸಿಸುತ್ತವೆ. ಬಹುಕಾಲ ಜಗತ್ತಿನಲ್ಲಿ ಇವುಗಳ ನೆಲೆ ಇದೊಂದೇ ಎಂದು ತಿಳಿಯಲಾಗಿತ್ತು. 'ಯಾರೂ ಕಾಣದ ಗುಹೆ' ಎಂಬ ಶೀರ್ಷಿಕೆಯಿಟ್ಟು ದಾರಿಯ ಗುರುತನ್ನೂ ಸೇರಿಸಿದರೆ ಹಿಂಬಾಲಕರು ಬಂದೇ ಬರುತ್ತಾರೆ. ಅವರ ಹಿಂದೆ ದೀಪ, ಗದ್ದಲ, ಪ್ಲಾಸ್ಟಿಕ್ಕುಗಳೂ ಬರುತ್ತವೆ. ಕತ್ತಲೆಯಲ್ಲಿ ಬದುಕುವ ಪ್ರಾಣಿಗೆ ಪ್ರಸಿದ್ಧಿಯೇ ಮೃತ್ಯು.

ಹಾಗೆಂದು ಯಂತ್ರವನ್ನು ಬಿಟ್ಟುಬಿಡಬೇಕೆಂದು ನನ್ನ ವಾದವಲ್ಲ. ಕೊಡಲಿಯಿಂದ ಕಾಡನ್ನೂ ಕಡಿಯಬಹುದು, ಒಲೆಗೆ ಸೌದೆಯನ್ನೂ ಸೀಳಬಹುದು. ನಾವು ಮೂವರು ಸೇರಿ ನಮ್ಮ ನೋಟುಪುಸ್ತಕದಲ್ಲಿ ಎರಡು ಮಾರ್ಪಾಡು ಮಾಡಿಕೊಂಡಿದ್ದೇವೆ. ಮೊದಲನೆಯದಾಗಿ, ಕೊನೆಯ ಅಂಕಣ ಈಗ ಒಂದಲ್ಲ, ಮೂರು. ಹೊಸ ಹಿಂಬಾಲಕರೆಷ್ಟು ಎಂಬುದರ ಪಕ್ಕದಲ್ಲಿ, ಚಿತ್ರವನ್ನು ಮುಂದೆ ಉಪಯೋಗಕ್ಕೆಂದು ಉಳಿಸಿಟ್ಟುಕೊಂಡವರೆಷ್ಟು ಮತ್ತು ಪ್ರಶ್ನೆ ಕೇಳಿದವರೆಷ್ಟು ಎಂದೂ ಬರೆಯುತ್ತೇವೆ. ಬಸ್ಸಿನ ಹೊತ್ತು, ವಿದ್ಯಾರ್ಥಿವೇತನದ ಅರ್ಜಿ, ನಾಟಿಯ ಕಾಲದ ಮಳೆಯ ಸುದ್ದಿ ಇವು ಹಿಂಬಾಲಕರ ಅಂಕಣದಲ್ಲಿ ಸಪ್ಪೆಯಾದರೂ ಉಳಿದೆರಡರಲ್ಲಿ ಮುಂದೆ ನಿಲ್ಲುತ್ತವೆ. ಎರಡನೆಯದಾಗಿ, ಯಂತ್ರದ ಅಪ್ಪಣೆಗೆ ಸಿಕ್ಕದ ಕೆಲವು ನಿಯಮಗಳನ್ನು ಮೊದಲ ಪುಟದಲ್ಲಿಯೇ ಬರೆದಿಟ್ಟಿದ್ದೇವೆ: ಅಪಾಯದ ಜಲಪಾತಗಳ ಮತ್ತು ಗುಹೆಗಳ ದಾರಿ ಹೇಳುವುದಿಲ್ಲ, ಭಾಷೆ, ಜಾತಿ, ನೀರುಗಳ ಹೆಸರಿನಲ್ಲಿ ಮೂದಲಿಕೆಯ ಶೀರ್ಷಿಕೆ ಕೊಡುವುದಿಲ್ಲ, ಒಪ್ಪಿಗೆಯಿಲ್ಲದೆ ಯಾರ ಮುಖವನ್ನೂ ತೋರಿಸುವುದಿಲ್ಲ. ಈ ಬೇಲಿಯೊಳಗೆ ಯಂತ್ರ ಏನು ಹೇಳಿದರೂ ಕೇಳಲು ಸಿದ್ಧರಿದ್ದೇವೆ. ಇದರಿಂದ ನಮ್ಮ ಪುಟ ಮೆಲ್ಲಗೆ ಬೆಳೆಯುವುದು ನಿಜ. ಆದರೆ ಅದನ್ನು ಹಿಂಬಾಲಿಸುವವರಲ್ಲಿ ಬಹುಮಂದಿ ಪಾರಿಶ್ವಾಡ, ನಂದಗಡ, ಜಾಂಬೋಟಿ, ಲೋಂಡಾಗಳ ಜನ. ನಾಳೆ ಎಲ್ಲಿಯಾದರೂ ಎದುರಾಗುವವರು.

ಕಡೆಗೆ ನಮ್ಮ ಕಾಲೇಜಿಗೊಂದು ಸೂಚನೆ. ಯಂತ್ರಕಲಿಕೆಯೆಂದರೆ ವಿಜ್ಞಾನದವರಿಗೆ ಬಿಟ್ಟ ವಿಷಯವೆಂದು ನಾವು ಕೈಕಟ್ಟಿ ಕುಳಿತಿರುವುದು ಉಚಿತವಲ್ಲ. ತೂಕ ಕಟ್ಟುವುದು ಗಣಿತ. ಆದರೆ ಯಾವುದಕ್ಕೆ ತೂಕ ಕಟ್ಟಬೇಕೆಂಬುದು ಅರ್ಥಶಾಸ್ತ್ರದ, ಸಮಾಜಶಾಸ್ತ್ರದ, ಸಾಹಿತ್ಯದ ಪ್ರಶ್ನೆ. ಗುರುಗಳು ಒಪ್ಪಿದರೆ ಮುಂದಿನ ವರ್ಷ ಸಂಖ್ಯಾಶಾಸ್ತ್ರ ಮತ್ತು ಕನ್ನಡ ವಿಭಾಗಗಳೆರಡೂ ಕೂಡಿ ಒಂದು ಅಭ್ಯಾಸಮಂಡಲವನ್ನು ಪ್ರಾರಂಭಿಸಬಹುದು. ಪ್ರತಿಯೊಬ್ಬರೂ ತಮ್ಮ ಊರಿನ ಒಂದೊಂದು ವಿಷಯವನ್ನೆತ್ತಿಕೊಂಡು, ಒಂದು ವರ್ಷದ ಪಟ್ಟಿಯನ್ನು ಬರೆದು, ಯಂತ್ರ ಕಂಡುಕೊಂಡುದೇನು, ಕಾಣದೆ ಬಿಟ್ಟುದೇನು ಎಂಬುದನ್ನು ಇದೇ ಸಂಚಿಕೆಯಲ್ಲಿ ಪ್ರಕಟಿಸಲಿ. ನೋಟುಪುಸ್ತಕಕ್ಕೆ ತಗಲುವ ಖರ್ಚು ಬಹಳವಲ್ಲ. ಕೊನೆಯ ಅಂಕಣದಲ್ಲಿ ಏನು ಬರೆಯಬೇಕೆಂಬ ಚರ್ಚೆಗೆ ಮಾತ್ರ ಹಲವು ಸಂಜೆಗಳು ಹಿಡಿದಾವು. ಆ ಚರ್ಚೆಗೆ ತಮ್ಮೆಲ್ಲರನ್ನೂ ಆದರದಿಂದ ಆಹ್ವಾನಿಸುತ್ತೇನೆ.